ಏಡಿ ಎಂದು ಕೂಗಿದ ಫೋರ್‌ಮನ್

ಹೋದ ತಿಂಗಳು ಸೌದಿಯ ಖತೀಫ್‌ನ ಗುರುವಾರದ ಸಂತೆಗೆ ಹೋಗಿದ್ದೆ. ಮೀನು ಕೊಂಡು ಕಾರಿನ ಕಡೆ ಹೊರಟವನ ಕಣ್ಣಿಗೆ ಹಳೆ ಸಾಮಾನಿನ ರಾಶಿಯೊಂದು ಬಿತ್ತು. ಮುರಿದ ಇಸ್ತ್ರಿಪೆಟ್ಟಿಗೆ, ವಯರು ಕಿತ್ತ ಫ್ಯಾನು, ಒಂಟಿ ಬೂಟುಗಳ ನಡುವೆ ಒಂದು ಉದ್ದ ಚೆಂಡು. ಎರಡೂ ತುದಿ ಚೂಪಾಗಿರುವ, ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಚೆಂಡು. ಗಾಳಿ ಅರ್ಧ ಇಳಿದಿತ್ತು. ಎತ್ತಿ ಮೂಗಿನ ಹತ್ತಿರ ಹಿಡಿದೆ. ಬಿಸಿಲಿಗೆ ಒಣಗಿದ ತೊಗಲು, ಧೂಳು, ಯಾರದೋ ಅಂಗೈಯ ಬೆವರು... ಮಾರುವ ಮುದುಕ ಬೇಕೇ ಎಂಬಂತೆ ಗಲ್ಲ ಎತ್ತಿದ. ಚೆಂಡನ್ನು ಇದ್ದಲ್ಲೇ ಇಟ್ಟು ಬಂದೆ. ಕಾರಿನಲ್ಲಿ ಕೂತ ಮೇಲೂ ಬಹಳ ಹೊತ್ತು ಹೊರಡಲಾಗಲಿಲ್ಲ. ನಮ್ಮ ಫೋರ್‌ಮನ್ ನೆನಪಾಗಿದ್ದರು.

ಆಗ ನಾನು ಅಲ್ಲಿಂದ ಅರ್ಧ ಗಂಟೆ ದೂರದ ಕಂಪೆನಿಯೊಂದರ ಕ್ಯಾಂಪಿನಲ್ಲಿದ್ದೆ. ಆಫೀಸಿನಲ್ಲಿ ಕ್ಲರ್ಕು. ಇಕಾಮಾ ಎಂಬ ವಾಸದ ಪರವಾನಗಿ, ರಜೆ, ಪಾಸ್‌ಪೋರ್ಟು, ಎಲ್ಲವೂ ನನ್ನ ಮೇಜಿನ ಮೇಲೇ ಹಾದುಹೋಗಬೇಕು. ಅವರು ಸೈಟಿನಲ್ಲಿ ಕ್ರೇನಿಗೆ ಭಾರ ಕಟ್ಟಿಸುವ ತಂಡದ ಫೋರ್‌ಮನ್. ಗಂಗೊಳ್ಳಿಯವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಪಕ್ಕದ ರೂಮು. ನಾನು ಉಡುಪಿ ಕಡೆಯ ಕೊಂಕಣಿಯವನಾದರೂ ಅವರ ಬಳಿ ಕನ್ನಡದಲ್ಲೇ ಮಾತು. ಅಣ್ಣ ಎಂದು ಕರೆಯುತ್ತಿದ್ದೆ. ಶುಕ್ರವಾರ ಬೆಳಿಗ್ಗೆ ಅವರು ತೆಂಗಿನಕಾಯಿ ಅರೆದು ಬಂಗುಡೆ ಸಾರು ಮಾಡಿದರೆ ಆ ಘಮಕ್ಕೆ ಕಾರಿಡಾರಿನಲ್ಲಿ ಸುಮ್ಮನೆ ನಿಲ್ಲಲಾಗುತ್ತಿರಲಿಲ್ಲ. ಬಟ್ಟಲು ಹಿಡಿದು ಹೋದವರಿಗೆ ಇಲ್ಲ ಎಂದದ್ದನ್ನು ನಾನು ಕಾಣಲಿಲ್ಲ.

ಕ್ಯಾಂಪಿನ ಹಿಂದೆ ನಕಲಿ ಹುಲ್ಲು ಹಾಸಿದ ಒಂದು ಮೈದಾನವಿತ್ತು. ಪ್ರಾಜೆಕ್ಟಿನ ದೊಡ್ಡ ಸಾಹೇಬ ಅಮೆರಿಕದವನು. ತನ್ನ ಊರಿನ ಆಟವಿಲ್ಲದೆ ಅವನಿಗೆ ಚಳಿಗಾಲ ಕಳೆಯುತ್ತಿರಲಿಲ್ಲ. ಹಾಗಾಗಿ ಶುಕ್ರವಾರ ಸಂಜೆಗಳಲ್ಲಿ ಆ ಉದ್ದ ಚೆಂಡಿನ ಆಟವನ್ನು ನಮಗೂ ಕಲಿಸಿದ. ಮೈಮೇಲೆ ಬಿದ್ದು ಕೆಡಹುವ ಆಟವಲ್ಲ, ಅದರ ಸಾಧು ರೂಪ. ಸೊಂಟದ ಎರಡು ಪಕ್ಕ ಬಟ್ಟೆಯ ಪಟ್ಟಿ ಸಿಕ್ಕಿಸಿಕೊಳ್ಳಬೇಕು. ಚೆಂಡು ಹಿಡಿದವನ ಪಟ್ಟಿಯನ್ನು ಎದುರಾಳಿ ಕಿತ್ತರೆ ಆಟ ಅಲ್ಲಿಗೆ ನಿಂತಿತು. ಮುಂದೆ ಹೋಗಲು ನಾಲ್ಕು ಅವಕಾಶ. ಪ್ರತಿ ಅವಕಾಶಕ್ಕೂ ಮೊದಲು ಐದು ಜನ ತಲೆಗೆ ತಲೆ ಕೂಡಿಸಿ ಯಾರು ಎತ್ತ ಓಡಬೇಕೆಂದು ಮಾತಾಡಿಕೊಳ್ಳಬೇಕು. ಹಾಗೆ ಹೇಳುವವನೇ ಕ್ವಾರ್ಟರ್‌ಬ್ಯಾಕ್. ಚೆಂಡು ಎಸೆಯುವವನೂ ಅವನೇ.

ಫೋರ್‌ಮನ್ ಮೊದಲ ವಾರ ಸುಮ್ಮನೆ ಬದಿಯಲ್ಲಿ ಕೂತು ನೋಡಿದರು. ಎರಡನೆಯ ವಾರ ಚೆಂಡು ತಮ್ಮ ಕಡೆ ಉರುಳಿ ಬಂದಾಗ ಎತ್ತಿ, ಹೊಳೆಗೆ ಬೀಸುಬಲೆ ಎಸೆಯುವವರಂತೆ ಮೈ ತಿರುಗಿಸಿ ಎಸೆದರು. ಮೈದಾನದ ಆ ತುದಿಯಲ್ಲಿದ್ದ ಸಾಹೇಬನ ಎದೆಗೇ ಹೋಗಿ ಕೂತಿತು. ಅವನು ಚೆಂಡನ್ನೂ ಇವರನ್ನೂ ಎರಡೆರಡು ಸಲ ನೋಡಿದ.

ಆಮೇಲೆ ಎರಡು ತಂಡವಾಯಿತು. ಇಂಜಿನಿಯರುಗಳ ತಂಡ ಒಂದು, ಸೈಟಿನವರ ತಂಡ ಇನ್ನೊಂದು. ನಮ್ಮಲ್ಲಿ ಇಬ್ಬರು ಫಿಲಿಪೀನ್ಸಿನವರು, ಒಬ್ಬ ಪೇಶಾವರದವನು, ನಾನು, ಅವರು. ನಾನು ಆಫೀಸಿನವನಾದರೂ ಓಟ ಚೆನ್ನಾಗಿದೆ ಎಂದು ಅವರೇ ಎಳೆದುಕೊಂಡದ್ದು. ಸಾಮಾನು ಇಳಿಸಿದ ಚೀಟಿಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬಾಣದ ಗುರುತು ಹಾಕಿ ಆಟ ಬರೆಯುತ್ತಿದ್ದರು. ಒಂದೊಂದಕ್ಕೂ ಮೀನಿನ ಹೆಸರು. ನೇರ ಉದ್ದಕ್ಕೆ ಓಡಿದರೆ ಕಾಣೆ. ಸ್ವಲ್ಪ ದೂರ ಹೋಗಿ ತಟ್ಟನೆ ತಿರುಗಿದರೆ ಬಂಗುಡೆ. ಎಲ್ಲರೂ ಒಂದೇ ಬದಿಗೆ ಅಡ್ಡ ಓಡಿದರೆ ಏಡಿ. ಆ ಇಂಜಿನಿಯರುಗಳಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು? ಫೋರ್‌ಮನ್ ಮೈದಾನದ ನಡುವೆಯೇ ಗಟ್ಟಿಯಾಗಿ ಕೂಗಿ ಆಡಿಸುತ್ತಿದ್ದರು. ಫಿಲಿಪೀನ್ಸಿನ ಹುಡುಗರ ಬಾಯಲ್ಲಿ “ಬಾಂಗುಡೇ” ಕೇಳಿ ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು.

ಆದರೆ ಏಡಿಯನ್ನು ಮಾತ್ರ ಅವರು ಅತಿಯಾಗಿ ಕರೆಯುತ್ತಿದ್ದರು. ನಾಲ್ಕೈದು ವಾರದಲ್ಲಿ ಎದುರಿನವರಿಗೆ ಅದು ಗೊತ್ತಾಗಿಹೋಯಿತು. ಏಡಿ ಎಂದ ಕೂಡಲೇ ಅವರೂ ಬದಿಗೆ ನುಗ್ಗಿ ಬಂದು ಪಟ್ಟಿ ಕೀಳತೊಡಗಿದರು. ನಾನು ಒಮ್ಮೆ ಹೇಳಿದೆ, “ಅಣ್ಣ, ಅದನ್ನು ಬಿಡುವ. ಅವರಿಗೆ ಗೊತ್ತಾಗಿದೆ.”

“ಗೊತ್ತಾಗ್ಲಿ ಮಾರಾಯ. ಪಾಪ, ಒಂದು ಶಬ್ದ ಆದ್ರೂ ಕನ್ನಡ ಕಲೀಲಿ.”

ಆ ಸಲದ ಕೊನೆಯ ಪಂದ್ಯಕ್ಕೆ ಎರಡು ವಾರ ಇರುವಾಗ ಸಾಹೇಬ ಅವರ ಹೆಗಲ ಮೇಲೆ ಕೈ ಹಾಕಿ, ಎಲ್ಲರ ಎದುರು, ನೀನು ನನಗೆ ಬೇಕಾದ ಮನುಷ್ಯ ಎಂದಿದ್ದ. ಆಟದ ಖುಷಿಯಲ್ಲಿ ಆಡಿದ ಮಾತು ಅದು. ಫೋರ್‌ಮನ್ ಅದನ್ನು ಬೇರೆಯೇ ಅರ್ಥದಲ್ಲಿ ಎತ್ತಿಟ್ಟುಕೊಂಡರು. ಪ್ರಾಜೆಕ್ಟು ಮುಗಿಯುತ್ತ ಬಂದಿತ್ತು, ಜನ ಕಡಿಮೆ ಮಾಡುತ್ತಾರೆಂಬ ಸುದ್ದಿ ಮೆಸ್ಸಿನಲ್ಲಿ ಹರಿದಾಡುತ್ತಿತ್ತು. ಅವರ ಮಗಳು ನರ್ಸಿಂಗ್ ಓದುತ್ತಿದ್ದಳು, ಇನ್ನೂ ಒಂದೂವರೆ ವರ್ಷ ಬಾಕಿ. ಅಲ್ಲಿಯತನಕ ಇಲ್ಲಿ ನಿಲ್ಲಬೇಕು, ಅಷ್ಟೇ ಅವರ ಆಸೆ.

ಪಂದ್ಯದ ವಾರದ ಮೊದಲ ದಿನ, ಭಾನುವಾರ, ನಮ್ಮ ವಿಭಾಗದ ಮುಖ್ಯಸ್ಥ ನನ್ನನ್ನು ಒಳಗೆ ಕರೆದು ಒಂದು ಪಟ್ಟಿ ಟೈಪು ಮಾಡಲು ಕೊಟ್ಟ. ಫೈನಲ್ ಎಕ್ಸಿಟ್. ಮರಳಿ ಬರಲಿಕ್ಕಿಲ್ಲದೆ ಊರಿಗೆ ಹೋಗಬೇಕಾದವರ ಹೆಸರು. ಮುಂದಿನ ಭಾನುವಾರದ ಮೊದಲು ಇದು ಹೊರಗೆ ಹೋದರೆ ಕೊನೆಯ ಸಾಲಿನ ಕೆಳಗೆ ನಿನ್ನ ಹೆಸರನ್ನೂ ಸೇರಿಸುತ್ತೇನೆ ಎಂದ. ತಮಾಷೆಯ ಮುಖವಲ್ಲ ಅದು. ಎರಡನೆಯ ಹಾಳೆಯ ನಡುವೆ ಫೋರ್‌ಮನ್ ಹೆಸರಿತ್ತು. ಟೈಪು ಮಾಡಿದೆ. ಒಂದು ಅಕ್ಷರ ತಪ್ಪಿತ್ತು, ಅದನ್ನೂ ತಿದ್ದಿದೆ.

ಮರುದಿನ ಸಂಜೆ ಅವರು ನನ್ನ ರೂಮಿಗೆ ಬಂದು ಮಂಚದ ತುದಿಯಲ್ಲಿ ಕೂತರು.

“ಅಲ್ ಖರ್ಜ್‌ನಿಂದ ಫೋನ್ ಬಂದಿತ್ತು. ಅಲ್ಲೊಂದು ಹಾಲಿನ ಕಾರ್ಖಾನೆ ದೊಡ್ಡದು ಮಾಡ್ತಾ ಇದ್ದಾರಂತೆ, ಫೋರ್‌ಮನ್ ಬೇಕಂತೆ. ಕಫೀಲ್ ಬದಲಿಸಿ ವೀಸಾ ಅವರ ಹೆಸರಿಗೆ ಮಾಡಿ ಕೊಡ್ತಾರೆ. ಗುರುವಾರದೊಳಗೆ ಹೇಳ್ಬೇಕಂತೆ. ಎಂತ ಮಾಡುದು?”

ನಾನು ಅವರ ಮುಖ ನೋಡಲಿಲ್ಲ. ಹೋಗಿ ಅಣ್ಣ ಎಂದಿದ್ದರೆ ಸಾಕಿತ್ತು. ಕಾರಣವನ್ನೂ ಹೇಳಬೇಕಿರಲಿಲ್ಲ. ಅವರು ನನ್ನ ಮಾತು ಕೇಳುತ್ತಿದ್ದರು.

“ನಿಮ್ಗೆ ಎಂತ ಅನ್ನಿಸ್ತದೆ?” ಎಂದೆ.

“ಸಾಹೇಬ ಹಾಗೆ ಹೇಳಿದ ಮೇಲೆ ನನ್ನನ್ನು ಕಳಿಸ್ಲಿಕ್ಕಿಲ್ಲ. ಶುಕ್ರವಾರ ಅವನೆದುರು ಒಂದು ಒಳ್ಳೆ ಆಟ ಆಡಿದ್ರೆ ಮತ್ತೆ ಮಾತೇ ಇಲ್ಲ. ಅಲ್ಲಿ ಪುನಃ ಹೊಸಬನಾಗಿ ನಿಲ್ಲುದು... ಪ್ರಾಯ ಆಯ್ತಲ್ಲ. ನೀನು ಆಫೀಸಿನಲ್ಲಿ ಇದ್ದಿಯಲ್ಲ, ಎಂತಾದ್ರೂ ಕೇಳಿದ್ದಿಯಾ?”

“ಇಲ್ಲ ಅಣ್ಣ,” ಎಂದೆ. “ಎಂತ ಅವಸರ? ಮ್ಯಾಚ್ ಮುಗೀಲಿ.”

ಹೆದರಿಕೆಯಿಂದ ಹಾಗೆ ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜ. ಆದರೆ ಪೂರ್ತಿ ನಿಜವಲ್ಲ. ಅವರು ಅಲ್ ಖರ್ಜ್‌ಗೆ ಒಪ್ಪಿಕೊಂಡರೆ ಆ ವಾರವೇ ಹೊರಡಬೇಕಿತ್ತು. ಶುಕ್ರವಾರ ಚೆಂಡು ಎಸೆಯಲು ನಮಗೆ ಬೇರೆ ಯಾರಿದ್ದರು? ನನಗೆ ಆ ಪಂದ್ಯ ಬೇಕಿತ್ತು...

ಗುರುವಾರ ಮಧ್ಯಾಹ್ನ ಮೆಸ್ಸಿನ ಎದುರಿನ ನೆರಳಿನಲ್ಲಿ ನಿಂತು ಅವರು ಫೋನು ಮಾಡಿದರು. ನಾನು ಪಕ್ಕದಲ್ಲೇ ಇದ್ದೆ. ಅಲ್ ಖರ್ಜ್‌ನವನಿಗೆ ಹಿಂದಿಯಲ್ಲಿ ತುಂಬ ಮರ್ಯಾದೆಯಿಂದ ಆಗುವುದಿಲ್ಲ ಎಂದರು. ಫೋನು ಕಿಸೆಗೆ ಹಾಕಿ, “ಆಯ್ತು, ಒಂದು ತಲೆಬಿಸಿ ಮುಗೀತು,” ಎಂದರು.

ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ ಪಂದ್ಯ ಶುರುವಾಯಿತು. ಕ್ಯಾಂಪಿಗೆ ಕ್ಯಾಂಪೇ ಬಂದು ತಂತಿಬೇಲಿಗೆ ಆತು ನಿಂತಿತ್ತು. ಸಾಹೇಬ ಎದುರು ತಂಡದಲ್ಲಿ. ಕೊನೆಗೆ ಎರಡು ನಿಮಿಷ ಉಳಿದಾಗ ನಾವು ಐದು ಅಂಕ ಹಿಂದಿದ್ದೆವು. ಚೆಂಡು ನಮ್ಮದು, ಮೈದಾನದ ತುದಿಯ ಗೆರೆ ದಾಟಿದರೆ ಆರು ಅಂಕ. ಮೊದಲ ಎಸೆತ ಪೇಶಾವರದವನ ಬೆರಳಿಗೆ ತಾಗಿ ಕೆಳಗೆ ಬಿತ್ತು. ಎರಡನೆಯದು ಬಂಗುಡೆ, ಅರ್ಧ ದಾರಿ ಸಿಕ್ಕಿತು. ಮೂರನೆಯದರಲ್ಲಿ ಅವರು ಎಸೆಯುವ ಮೊದಲೇ ಸಾಹೇಬ ನುಗ್ಗಿ ಬಂದು ಪಟ್ಟಿ ಕಿತ್ತ. ಫೋರ್‌ಮನ್ ಮೊಣಕಾಲಿಗೆ ಕೈ ಊರಿ ಬಗ್ಗಿ ನಿಂತರು. ಉಸಿರು ಸಿಳ್ಳೆ ಹಾಕಿದಂತೆ ಬರುತ್ತಿತ್ತು. ನಲವತ್ತೆಂಟು ವರ್ಷದ ಮನುಷ್ಯ, ಆರು ದಿನ ಕ್ರೇನಿನ ಕೆಳಗೆ ದುಡಿದ ಮೈ.

ತಲೆಗೆ ತಲೆ ಕೂಡಿಸಿದೆವು. ಅವರು ಎಲ್ಲರಿಗೂ ಏಡಿ ಎಂದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಕನ್ನಡದಲ್ಲಿ, “ನೀನು ಮಾತ್ರ ಎರಡು ಹೆಜ್ಜೆ ಏಡಿ. ಮತ್ತೆ ಕಾಣೆ. ಹಿಂದೆ ನೋಡ್ಬೇಡ, ಮೂಲೆಗೆ ಓಡು. ಚೆಂಡು ಬರ್ತದೆ,” ಎಂದರು.

ಸಾಲಾಗಿ ನಿಂತ ಮೇಲೆ ಬೇಲಿಯಾಚೆಗೂ ಕೇಳುವಂತೆ “ಏಡಿ” ಎಂದು ಕೂಗಿದರು. ಎದುರಿನ ಐದೂ ಜನ ಕೇಳಿದ್ದೇ ತಡ ಬದಿಗೆ ನುಗ್ಗಿದರು. ವಾರಗಟ್ಟಲೆ ಕಲಿಸಿದ ಪಾಠ ಅದು. ನಾನು ಎರಡು ಹೆಜ್ಜೆ ಅಡ್ಡ ಹಾಕಿ, ತಿರುಗಿ, ಮೂಲೆಗೆ ಓಡಿದೆ. ಅವರು ಬದಿಗೆ ಎಸೆಯುವಂತೆ ಕೈ ಎತ್ತಿ ತೋರಿಸಿ, ಪಟ್ಟಿಗೆ ಕೈ ಹಾಕಲು ತಿರುಗಿ ಬಂದವನಿಂದ ಒಂದು ಗೇಣು ಹಿಂದೆ ಸರಿದು, ಎಸೆದರಂತೆ. ನಾನು ನೋಡಲಿಲ್ಲ. ಗೆರೆ ದಾಟಿ ಕತ್ತೆತ್ತಿದಾಗ ಚೆಂಡು ನನ್ನ ಕೈಗಳ ಮೇಲೇ ಇಳಿಯುತ್ತಿತ್ತು.

ಗೆದ್ದೆವು. ಜನ ಅವರನ್ನು ಹೆಗಲ ಮೇಲೆ ಹೊತ್ತು ಮೆಸ್ಸಿನ ತನಕ ಕೊಂಡುಹೋದರು. ಸಾಹೇಬ ಬಂದು ತಬ್ಬಿಕೊಂಡ. ನಾನು ಟೈಪು ಮಾಡಿದ ಹೆಸರುಗಳ ಪಟ್ಟಿಗೆ ಅವನದ್ದೇ ಸಹಿ ಬಿದ್ದಿತ್ತು. ಸಹಿ ಹಾಕುವಾಗ ಹೆಸರು ಓದಿದ್ದನೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಫೋರ್‌ಮನ್ ಗುಂಪಿನ ನಡುವಿನಿಂದ ನನ್ನನ್ನು ಹುಡುಕಿ ಬಂದು ಕೈ ಹಿಡಿದರು. “ಇನ್ನು ನನ್ನನ್ನು ಕಳಿಸ್ಲಿಕ್ಕಿಲ್ಲ, ಅಲ್ವಾ?” ಎಂದರು. ಕಣ್ಣಲ್ಲಿ ನೀರಿತ್ತು. ನಾನು ಹೌದೆಂದು ತಲೆಯಾಡಿಸಿದೆ.

ಭಾನುವಾರ ಕಾಗದ ಕೊಡುವ ಕೆಲಸ ನನ್ನ ಪಾಲಿಗೇ ಬಂತು. ಅವರು ಓದಿದರು, ಮಡಚಿದರು, ಬಿಡಿಸಿ ಮತ್ತೊಮ್ಮೆ ಓದಿದರು.

“ನಿನಗೂ ಗೊತ್ತಿರ್ಲಿಲ್ವಾ?”

“ಇಲ್ಲ ಅಣ್ಣ.”

“ಹೌದು, ನಿನಗೆ ಯಾರು ಹೇಳ್ತಾರೆ,” ಎಂದು ನನ್ನನ್ನೇ ಸಮಾಧಾನ ಮಾಡಿದರು.

ಅಲ್ ಖರ್ಜ್‌ಗೆ ಅವತ್ತೇ ಫೋನು ಮಾಡಿದರು. ಆ ಜಾಗಕ್ಕೆ ಶನಿವಾರವೇ ಬೇರೆಯವನು ಸೇರಿಯಾಗಿತ್ತು. ಸಾಹೇಬನನ್ನು ಕಾಣಲು ಎರಡು ದಿನ ಆಫೀಸಿನ ಎದುರು ಕೂತರು. ಅವನು ರಿಯಾದ್‌ಗೆ ಹೋಗಿದ್ದ. ಹತ್ತನೆಯ ದಿನ ದಮ್ಮಾಮಿನ ವಿಮಾನ ನಿಲ್ದಾಣಕ್ಕೆ ಕಂಪೆನಿಯ ಬಸ್ಸಿನಲ್ಲಿ ಹೋದರು. ಅರೆಯುವ ಯಂತ್ರವನ್ನು ನನಗೇ ಕೊಟ್ಟು, “ತೆಂಗಿನಕಾಯಿ ಸಣ್ಣಗೆ ಅರೀಬೇಕು, ಇಲ್ಲದಿದ್ರೆ ಸಾರು ಒಡೀತದೆ,” ಎಂದರು. ನಾನು ಅದನ್ನು ಒಂದು ದಿನವೂ ಉಪಯೋಗಿಸಲಿಲ್ಲ.

ಊರಿನಿಂದ ಎರಡು ಮೂರು ಸಲ ಫೋನು ಮಾಡಿದ್ದರು. ಒಂದು ಸಲ ಮಾತ್ರ ಎತ್ತಿದೆ. ಆ ಪ್ರಾಯಕ್ಕೆ ಎಲ್ಲಿಯೂ ಫೋರ್‌ಮನ್ ಕೆಲಸ ಸಿಗಲಿಲ್ಲವಂತೆ. ಮಗಳು ಕಾಲೇಜು ಬಿಟ್ಟು ಕುಂದಾಪುರದ ಬಟ್ಟೆ ಅಂಗಡಿಗೆ ಸೇರಿದ್ದಳು. ಅವರು ಬಂದರಿನಲ್ಲಿ ದೋಣಿಗಳಿಂದ ಮೀನಿನ ಬುಟ್ಟಿ ಇಳಿಸಲು ಹೋಗುತ್ತಿದ್ದರು. “ಭಾರ ಕಟ್ಟಿಸಿ ಕಟ್ಟಿಸಿ ಸಾಕಾಯ್ತು, ಈಗ ನಾನೇ ಹೊರ್ತಾ ಇದ್ದೇನೆ,” ಎಂದು ನಕ್ಕರು. ಆ ನಗು ಕೇಳಲಾಗದೆ ಮುಂದಿನ ಸಲ ಫೋನು ಎತ್ತಲಿಲ್ಲ.

ಅವರು ಊರಿಗೆ ಮರಳಿದ ಎರಡನೆಯ ವರ್ಷ, ಹಳೆಯ ಕ್ಯಾಂಪಿನವರ ವಾಟ್ಸಾಪಿನಲ್ಲಿ ಅವರ ಫೋಟೋ ಬಂತು. ಕೆಳಗೆ ಕೈ ಮುಗಿದ ಗುರುತುಗಳ ಸಾಲು. ಬುಟ್ಟಿ ಇಳಿಸುವಾಗಲೇ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವಂತೆ.

ಮೂರು ದಿನ ಬಿಟ್ಟು ಅವರ ಹೆಂಡತಿಗೆ ಫೋನು ಮಾಡಿದೆ. ಹೆಸರು ಹೇಳಿದ ಕೂಡಲೇ ಗುರುತು ಹಿಡಿದರು.

“ಕೊನೆಯ ಚೆಂಡು ಹಿಡಿದವರಲ್ವಾ ನೀವು? ಆ ಕತೆ ಹೇಳಿ ಹೇಳಿ ಮುಗಿಯುತ್ತಿರಲಿಲ್ಲ ಅವರಿಗೆ. ಕಡೆಕಡೆಗೆ ಎಲ್ಲರ ಮೇಲೂ ಸಿಟ್ಟು ಮಾಡ್ತಿದ್ರು, ಸಾಹೇಬನ ಮೇಲೆ, ದೇವರ ಮೇಲೆ. ನಿಮ್ಮ ಮೇಲೆ ಮಾತ್ರ ಇಲ್ಲ. ‘ಪಾಪ, ಅವನಿಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೆ ನನಗೆ ಹೇಳದೆ ಇರ್ತಿರ್ಲಿಲ್ಲ’ ಅಂತ ಹೇಳ್ತಿದ್ರು.”

ಲೈನು ಕಡಿಯಿತೋ ಎಂದು ಅವರು ಎರಡು ಸಲ ಹಲೋ ಎಂದರು. ಇದ್ದೇನೆ ಎಂದೆ. ಊರಿಗೆ ಬಂದಾಗ ಮನೆಗೆ ಬನ್ನಿ ಎಂದರು. ಬರುತ್ತೇನೆ ಎಂದೆ.

ಆಮೇಲೆ ಎರಡು ಸಲ ರಜೆಗೆ ಹೋಗಿ ಬಂದಿದ್ದೇನೆ. ಎರಡು ಸಲವೂ ಕುಂದಾಪುರದ ತನಕ ಬಸ್ಸಿನಲ್ಲಿ ಹೋದೆ. ಗಂಗೊಳ್ಳಿಯ ಬಸ್ಸು ಎದುರಿಗೇ ನಿಂತಿತ್ತು, ಸೀಟೂ ಖಾಲಿ ಇತ್ತು. ಅದು ಹೊರಡುವ ತನಕ ನೋಡುತ್ತ ನಿಂತಿದ್ದು, ಉಡುಪಿಯ ಬಸ್ಸು ಹತ್ತಿ ಮನೆಗೆ ಬಂದೆ.