ಇದರಪ್ಪನಂಥದ್ದು ನಮ್ಮೂರಲ್ಲಿದೆ

ರಾಮಿರೊನಿಗೆ ಏನು ತೋರಿಸಿದರೂ ಅದರಪ್ಪನಂಥದ್ದು ಅವನ ಊರಿನಲ್ಲಿ ಇರುತ್ತಿತ್ತು. ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾದ ನಮ್ಮ ಆಫೀಸಿನ ಕಿಟಕಿಯಿಂದ ಕಡಲು, ಕಡಲಲ್ಲಿ ಚದುರಿದ ದ್ವೀಪಗಳು, ಒಂದು ದ್ವೀಪದ ಮೇಲೆ ನೌಕಾಪಡೆಯ ಹಳೇ ಕೋಟೆ ಕಾಣುತ್ತವೆ. ಹೊಸದಾಗಿ ಸೇರಿದವರು ಕಾಫಿ ಕಪ್ಪು ಹಿಡಿದು ಅಲ್ಲಿ ನಿಂತು ಆಹಾ ಎಂದರೆ ಸಾಕು, ಹಿಂದಿನಿಂದ ದನಿ ಬರುತ್ತಿತ್ತು: "ಇದಾ? ಇದಿನ್ನೂ ಮಗು. ಇದರಪ್ಪನಂಥದ್ದು ನಮ್ಮೂರಲ್ಲಿದೆ."

ಅವನ ಊರು ಸ್ಪೇನಿನ ಒಂದು ಬೆಟ್ಟದ ಮೇಲಿತ್ತು. ಊರಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ಟಿಕೆಟ್ ಬುಕ್ ಮಾಡಿಬಿಟ್ಟಾರು. ರಾಮಿರೊ ಹರೆಯದಲ್ಲೇ ಸ್ವೀಡನ್ನಿಗೆ ಬಂದು, ನಮ್ಮ ಟೆಲಿಕಾಂ ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಕುಳ್ಳ, ಅಗಲ ಭುಜ, ಜೂನ್ ತಿಂಗಳಲ್ಲೂ ಮೈಮೇಲೆ ದಪ್ಪ ಕೋಟು. ದಿನಕ್ಕೆರಡು ಸಲ ಎಲ್ಲರೂ ಸೇರಿ ಕಾಫಿ ಕುಡಿಯುವ ಫೀಕಾ ಹೊತ್ತಿನಲ್ಲಿ ಅವನು ಊರಿನ ಪ್ರವಾಸ ಮಾಡಿಸುತ್ತಿದ್ದ. ಹಿಮ ಕರಗಿ ಹುಚ್ಚೆದ್ದು ಹರಿಯುವ ಹೊಳೆ, ಆ ಹೊಳೆ ಕೊರೆದ ಕಮರಿ, ಅದರ ಮೇಲೆ ರೋಮನ್ನರು ಕಟ್ಟಿದ ಸೇತುವೆ, ಅರಬರ ಕಾಲದ ಬುರುಜು, ನೆತ್ತಿಯಲ್ಲೊಂದು ಕೋಟೆ. ಕಮರಿಯ ಅಗಲಕ್ಕೆ ಎರಡೂ ಕೈ ಚಾಚುತ್ತಿದ್ದ. ಆಳ ತೋರಿಸಲು ಕೈ ಸಾಲದೆ, ಕುರ್ಚಿ ಹಿಂದೆ ತಳ್ಳಿ, ಬಗ್ಗಿ ಟೇಬಲ್ಲಿನ ಕೆಳಗೇ ಹೋಗಿಬಿಡುತ್ತಿದ್ದ. "ಇನ್ನೂ ಕೆಳಗೆ," ಎಂದು ಅಲ್ಲಿಂದ ದನಿ ಕೇಳುತ್ತಿತ್ತು. ಫೋಟೊ ತೋರಿಸಪ್ಪ ಎಂದರೆ, "ಫೋಟೊದಲ್ಲಿ ಹಿಡಿಯಲ್ಲ," ಅನ್ನುತ್ತಿದ್ದ.

ಅವನು ಆಡುತ್ತಿದ್ದುದು ಇಂಗ್ಲಿಷು. ಆದರೆ ನನಗದು ಯಾವಾಗಲೂ ಕನ್ನಡದಲ್ಲೇ ಕೇಳುತ್ತಿತ್ತು. ಬಡಾಯಿಯ ವಿಷಯದಲ್ಲಿ ನಾವಿಬ್ಬರೂ ಒಂದೇ ಊರಿನವರು.

ಬುರುಜಿನ ಮಾತು ಬಂದಾಗಲೆಲ್ಲ ನನ್ನ ಕಡೆ ತಿರುಗಿ, "ಇಮ್ತಿಯಾಜ್, ಅದನ್ನ ಕಟ್ಟಿದ್ದು ನಿಮ್ಮವರೇ," ಅನ್ನುತ್ತಿದ್ದ.

"ನಮ್ಮವರು ಸಾಗರದವರು ಮಾರಾಯಾ. ನಮ್ಮಜ್ಜ ಜೀವಮಾನದಲ್ಲಿ ಕಟ್ಟಿದ್ದು ಒಂದೇ ಒಂದು ಕೋಳಿಗೂಡು. ಅದೂ ಒಂದ್ಕಡೆ ವಾಲಿತ್ತು."

"ಬುರುಜೂ ವಾಲಿದೆ. ಹಾಗಾದ್ರೆ ನಿಮ್ಮವರೇ."

ನಾನು ಬಿಡುವವನಲ್ಲ. ಅವನ ಕಮರಿಗೆ ನಮ್ಮ ಜೋಗ ಜಲಪಾತವನ್ನು, ಕೋಟೆಗೆ ಚಿತ್ರದುರ್ಗವನ್ನು, ಬುರುಜಿಗೆ ಗೋಲಗುಮ್ಮಟವನ್ನು ಎದುರು ನಿಲ್ಲಿಸುತ್ತಿದ್ದೆ. ಜೋಗವಂತೂ ನನ್ನ ಹಿತ್ತಲಿನಲ್ಲೇ ಧುಮುಕುತ್ತಿದೆಯೇನೋ ಎಂಬಂತಿತ್ತು ನನ್ನ ವರ್ಣನೆ. "ಅಲ್ಲಿ ನಿಂತ್ರೆ ಪಕ್ಕದವರ ಮಾತೂ ಕೇಳಲ್ಲ," ಎಂದು ಹೇಳಿ ಕಾಫಿ ಹೀರುತ್ತಿದ್ದೆ. ಸ್ವೀಡಿಷ್ ಸಹೋದ್ಯೋಗಿಗಳು ಟೆನ್ನಿಸ್ ನೋಡುವವರ ಹಾಗೆ ಅವನ ಕಡೆಗೊಮ್ಮೆ ನನ್ನ ಕಡೆಗೊಮ್ಮೆ ಕತ್ತು ತಿರುಗಿಸುತ್ತಿದ್ದರು. ನಿಜ ಹೇಳಬೇಕೆಂದರೆ, ನಾನು ಜೋಗಕ್ಕೆ ಹೋಗಿದ್ದು ಕೆಲವೇ ಸಲ. ಮಳೆಗಾಲದಲ್ಲಿ ಹೋದಾಗ ಮಂಜು ಮುಸುಕಿ ಏನೂ ಕಾಣಲಿಲ್ಲ. ಬೇಸಿಗೆಯಲ್ಲಿ ಹೋದಾಗ ಕಾಣಲು ನೀರಿರಲಿಲ್ಲ. ಅದು ತುಂಬಿ ಸುರಿಯುವುದನ್ನು ಸರಿಯಾಗಿ ನೋಡಿದ್ದು ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ.

ಹೀಗಿರುವಾಗ ರಾಮಿರೊನನ್ನು ಕೆಲಸದ ಮೇಲೆ ಬೆಂಗಳೂರಿಗೆ ಕಳಿಸಿದರು. ಏಪ್ರಿಲ್ ತಿಂಗಳು. ಶನಿವಾರ ಭಾನುವಾರ ಜೋಗಕ್ಕೆ ಹೋಗುತ್ತೇನೆಂದ. ನಾನು ಹಿಂದೆಮುಂದೆ ನೋಡದೆ ಸಾಗರದಲ್ಲಿರುವ ಚಿಕ್ಕಪ್ಪನ ಮಗ ರಫೀಕನಿಗೆ ಫೋನು ಮಾಡಿ ಕಾರಿನ ಏರ್ಪಾಡು ಮಾಡಿದೆ. ಬಡಾಯಿಯ ಭರದಲ್ಲಿ ಋತುಮಾನ ಮರೆತೇಹೋಗಿತ್ತು. ಭಾನುವಾರ ಸಂಜೆ ರಫೀಕನ ಸಂದೇಶ ಬಂತು: "ಏನೋ ಇದು, ಏಪ್ರಿಲ್‌ನಾಗೆ ಕಳ್ಸಿದೀಯ? ಒಂದು ಚೊಂಬು ನೀರಿಲ್ಲ ಅಲ್ಲಿ. ಬರೀ ಬಂಡೆ ತೋರಿಸ್ಕಂಡು ಬಂದೆ. ಪಾಪ, ಮನುಷ್ಯ ಒಳ್ಳೇನು, ಸುಮ್ನೆ ನಿಂತ್ಕಂಡು ನೋಡ್ದ."

ಅವನು ಮರಳಿದ ದಿನ ನಾನು ಫೀಕಾ ತಪ್ಪಿಸಿಕೊಳ್ಳಲು ಮೀಟಿಂಗಿನ ನೆಪ ಹುಡುಕಿದೆ, ಸಿಗಲಿಲ್ಲ. ನಮ್ಮ ಮ್ಯಾನೇಜರ್ ಅನಿಕಾ ಎಲ್ಲರೆದುರು ಕೇಳಿಯೇಬಿಟ್ಟಳು, "ಜಲಪಾತ ಹೇಗಿತ್ತು?" ರಾಮಿರೊ ಕಪ್ಪು ಕೆಳಗಿಟ್ಟ. "ನನ್ನ ಮಾತು ನನಗೇ ಕೇಳಲಿಲ್ಲ," ಅಂದ. "ಇಮ್ತಿಯಾಜ್ ಕಡಿಮೆ ಹೇಳಿದಾನೆ."

ಆಗ ನನಗೆ ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಿದ್ದು ಅನುಮಾನ. ಮನೆಗೆ ಬಂದವನೇ ಹೆಂಡತಿ ಸಲ್ಮಾಳಿಗೆ ನನ್ನ ತೀರ್ಮಾನ ತಿಳಿಸಿದೆ: ಒಣ ಬಂಡೆ ನೋಡಿ ಬಂದು ಇಷ್ಟು ಸಲೀಸಾಗಿ ಸುಳ್ಳು ಹೇಳುವ ಮನುಷ್ಯ, ತನ್ನ ಊರಿನ ಬಗ್ಗೆ ಎಷ್ಟು ಹೇಳಿರಬೇಡ. ಹೋಗಿ ನೋಡಲೇಬೇಕು. ನಮ್ಮ ಮನೆಮಾತು ಉರ್ದು. ನನ್ನನ್ನು ಹಂಗಿಸುವಾಗ ಮಾತ್ರ ಸಲ್ಮಾ ಕನ್ನಡಕ್ಕೆ ಬರುತ್ತಾಳೆ. "ಅವರು ನಿಮ್ಮ ಮಾನ ಉಳಿಸಿದ್ರು ಕಣ್ರೀ," ಅಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂದಿನ ವರ್ಷ ಜೂನ್‌ನಲ್ಲಿ ರಾಮಿರೊ ನಿವೃತ್ತನಾಗಿ ಊರಿಗೇ ಮರಳುವವನಿದ್ದ. ಅದಕ್ಕಿಂತ ಮೊದಲೇ ಪುರಾವೆ ಸಮೇತ ಬರಬೇಕೆಂದು ರಜೆ ಹಾಕಿದೆ. ಸುದ್ದಿ ಕೇಳಿ ಅವನು ಹಿಗ್ಗಲಿಲ್ಲ. "ರಸ್ತೆ ಸರಿ ಇಲ್ಲ, ನಿನ್ನ ಮಗಳಿಗೆ ವಾಂತಿ ಆಗುತ್ತೆ," ಅಂದ. ಮರುದಿನ, "ಮಳೆ ಬಂದ್ರೂ ಬರಬಹುದು," ಅಂದ. ಕೊನೆಗೆ, "ಸರಿ, ಹೋಗಿ ಬಾ. ಬಂದು ನೀನೇ ಹೇಳು," ಎಂದು ಕಪ್ಪಿನೊಳಗೆ ನೋಡುತ್ತ ಕೂತ. ನಾನು ಮನೆಗೆ ಹೋಗಿ, ಪರದೆ ಅಳೆಯಲು ಕೊಂಡಿದ್ದ ಲೇಸರ್ ಯಂತ್ರವನ್ನು ಬ್ಯಾಗಿಗೆ ಹಾಕಿದೆ. "ನಾವು ಹೋಗ್ತಿರೋದು ಟ್ರಿಪ್ಪಿಗಾ, ಸರ್ವೆಗಾ?" ಎಂದು ಸಲ್ಮಾ ಕೇಳಿದಳು.

ಊರು ತಲುಪಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಕಮರಿ ಎಂದರೆ ಚರ್ಚಿನ ಹಿಂದಿನ ಒಂದು ಬಿರುಕು, ಅದರ ಗೋಡೆಗೆ ಆತುಕೊಂಡ ಒಂದು ಅಂಜೂರದ ಗಿಡ, ತಳದಲ್ಲಿ ಪಾದ ತೋಯುವಷ್ಟು ನೀರು. ನಾನು ಲೇಸರ್ ಹೊರತೆಗೆಯುತ್ತಿರುವಾಗಲೇ ಒಂದು ಮೇಕೆ ಈ ದಡದಿಂದ ಆ ದಡಕ್ಕೆ ಹಾರಿ, ಅಲ್ಲಿ ಎರಡು ಎಲೆ ತಿಂದು, ವಾಪಸು ಹಾರಿ ಬಂತು. ಅಳೆಯುವ ಅಗತ್ಯ ಉಳಿಯಲಿಲ್ಲ. ರೋಮನ್ ಸೇತುವೆಗೆ ಒಂದೇ ಕಮಾನು, ಸಿಮೆಂಟಿನ ಕಟಾಂಜನ, ಕಟಾಂಜನದ ಮೇಲೆ ಯಾರದೋ ಬೆಡ್‌ಶೀಟು ಒಣಗುತ್ತಿತ್ತು. ಕೋಟೆ ಎಂದರೆ ಒಂದು ಗೋಡೆ, ಅದಕ್ಕೆ ತಾಗಿ ಮೊಬೈಲ್ ಟವರು. ಮಗಳು ಝೋಯಾ ಸ್ವೀಡಿಷಿನಲ್ಲಿ, ಇಷ್ಟೇನಾ ಎಂದು ಕೇಳಿದಳು. ನಾನು ಮೇಕೆಯಿಂದ ಹಿಡಿದು ಬೆಡ್‌ಶೀಟಿನವರೆಗೆ ಎಲ್ಲದರ ಫೋಟೊ ತೆಗೆದೆ. ಫೀಕಾದಲ್ಲಿ ಮಾಡುವ ಭಾಷಣ ಮನಸ್ಸಿನಲ್ಲಿ ಆಗಲೇ ತಯಾರಾಗುತ್ತಿತ್ತು.

ಉಳಿದಿದ್ದು ಬುರುಜು. ಅದರ ಬೀಗದ ಕೈ ಬೇಕರಿಯಲ್ಲಿರುತ್ತದೆ ಎಂದರು. ಬೇಕರಿಯ ಹೆಂಗಸು ಹಿಟ್ಟಿನ ಕೈಯಲ್ಲೇ ಬಂದು, ಎಲ್ಲಿಯವರೆಂದು ಕೇಳಿದಳು. ಸಲ್ಮಾ ತನ್ನ ಫೋನಿನ ಅನುವಾದದ ಮೂಲಕ, ಇಂಡಿಯಾದವರು, ಕಾರ್ಲ್‌ಸ್ಕ್ರೂನಾದಲ್ಲಿದ್ದೇವೆ, ರಾಮಿರೊ ಗೊತ್ತು ಎಂದಳು. ಆಕೆ ಕೈ ಒರೆಸಿಕೊಂಡು, ರಸ್ತೆಗಿಳಿದು, ಎದುರಿನ ಬಾರಿನ ಕಡೆ ತಿರುಗಿ ಏನೋ ಕೂಗಿ ಹೇಳಿದಳು. ಫೋನು ಅದನ್ನೂ ಹಿಡಿದು ಅನುವಾದ ಮಾಡಿತು: ಜಲಪಾತದವರು ಬಂದಿದ್ದಾರೆ.

ಬಾರಿನಲ್ಲಿದ್ದ ಮುದುಕರು ಒಬ್ಬೊಬ್ಬರಾಗಿ ಹೊರಬಂದರು. ಕುರ್ಚಿ ತಂದು ನಮ್ಮನ್ನು ಕೂರಿಸಿದರು. ಝೋಯಾಗೆ ಕಿತ್ತಳೆ ರಸ ಬಂತು. ಒಬ್ಬ ಅಜ್ಜ ನನ್ನ ಕೈ ಹಿಡಿದು ಕೇಳಿದ. ಅಲ್ಲಿ ನಿಂತರೆ ತನ್ನ ಮಾತು ತನಗೇ ಕೇಳುವುದಿಲ್ಲವಂತೆ, ನಿಜವೇ? ಹೋದ ಆಗಸ್ಟಿನಲ್ಲಿ ಊರಿಗೆ ಬಂದಿದ್ದ ರಾಮಿರೊ ಎಲ್ಲ ಸಂಜೆಯೂ ಅದನ್ನೇ ಹೇಳಿದನಂತೆ. ನಿಮ್ಮ ಕಮರಿ ಅದರ ಮುಂದೆ ಚರಂಡಿ ಎಂದು ಇವರನ್ನೆಲ್ಲ ರೇಗಿಸಿದನಂತೆ. ನೀರು ಎಷ್ಟು ಆಳಕ್ಕೆ ಬೀಳುತ್ತದೆ ಎಂದು ಹೀಗೆ ತೋರಿಸಿದ ಎನ್ನುತ್ತ, ಆ ಅಜ್ಜ ಮೊಣಕಾಲು ಹಿಡಿದುಕೊಂಡು, ಕಷ್ಟಪಟ್ಟು, ಟೇಬಲ್ಲಿನ ಕೆಳಗೆ ಬಗ್ಗಿದ.

ಆಫೀಸಿನಲ್ಲಿ ನನ್ನೆದುರು ಹೇಳಿದ್ದನ್ನು ದಾಕ್ಷಿಣ್ಯ ಎನ್ನಬಹುದಿತ್ತು, ಸುಳ್ಳುಬುರುಕತನ ಎಂದೂ ನಾನು ಎಂದಿದ್ದೆ. ಇಲ್ಲಿ ನಾನಿರಲಿಲ್ಲ. ನನ್ನ ಕಿವಿಗೆ ಬೀಳುವ ಸಂಭವವೂ ಇರಲಿಲ್ಲ. ತನ್ನ ಊರಿನಲ್ಲಿ, ತನ್ನವರ ಮುಂದೆ, ತನ್ನ ಕಮರಿಯನ್ನೇ ಕೆಳಗಿಟ್ಟು ಅವನು ನಮ್ಮ ಒಣ ಬಂಡೆಯಲ್ಲಿ ನೀರು ಹರಿಸಿದ್ದ. ನಿಜ ಎಂದು ಅಜ್ಜನಿಗೆ ತಲೆಯಾಡಿಸಿದೆ. ಕಣ್ಣು ಒದ್ದೆಯಾಗಿತ್ತು. ಸಲ್ಮಾ ನನ್ನನ್ನು ನೋಡಿ, "ಲೇಸರ್ ಎಲ್ಲಿಟ್ರಿ?" ಎಂದು ಮೆಲ್ಲಗೆ ಕೇಳಿದಳು. ಬುರುಜು ನಿಜವಾಗಿಯೂ ವಾಲಿತ್ತು.

ವಾಪಸು ಬಂದ ಸೋಮವಾರವೇ ರಾಮಿರೊನ ಬೀಳ್ಕೊಡುಗೆ ಫೀಕಾ. ಹಸಿರು ಬಣ್ಣದ ದೊಡ್ಡ ಕೇಕು, ಗೋಡೆಗೆ ಕಾಗದದ ಬಾವುಟ. ಭಾಷಣಗಳಾದ ಮೇಲೆ ಅನಿಕಾ ನನ್ನ ಕಡೆ ತಿರುಗಿದಳು. "ನಮ್ಮಲ್ಲಿ ಆ ಊರು ನೋಡಿರೋನು ನೀನೊಬ್ಬನೇ. ಈಗ ಹೇಳು. ಇವನು ಹೇಳಿದಷ್ಟು ಆಳ ಇದೆಯಾ?"

ಎಲ್ಲರೂ ಚಮಚ ಕೆಳಗಿಟ್ಟರು. ರಾಮಿರೊ ತಲೆ ಎತ್ತದೆ, ಅಗತ್ಯಕ್ಕಿಂತ ಹೆಚ್ಚು ಗಮನ ಕೊಟ್ಟು ಕೇಕು ಕತ್ತರಿಸುತ್ತಿದ್ದ. ಇಷ್ಟು ವರ್ಷ ಈ ಟೇಬಲ್ಲಿನಲ್ಲಿ ಅವನು ಕಟ್ಟಿದ ಊರು ನನ್ನ ಒಂದು ಮಾತಿಗೆ ಕುಸಿಯುತ್ತಿತ್ತು. ಮೇಕೆಯ ಫೋಟೊ ನನ್ನ ಜೇಬಿನಲ್ಲೇ ಇತ್ತು.

ನಾನು ಕುರ್ಚಿ ಹಿಂದೆ ತಳ್ಳಿ ಟೇಬಲ್ಲಿನ ಕೆಳಗೆ ಬಗ್ಗಿದೆ.

ಮೇಲಿನಿಂದ ರಾಮಿರೊನ ದನಿ ಬಂತು: "ಇನ್ನೂ ಕೆಳಗೆ." ನಾನು ಇನ್ನೂ ಕೆಳಗೆ ಹೋದೆ. ಏಳುವಾಗ ತಲೆ ಟೇಬಲ್ಲಿಗೆ ಹೊಡೆದು ಕಾಫಿ ಚೆಲ್ಲಿತು. ಫೋಟೊ ಎಲ್ಲಿ ಎಂದು ಯಾರೋ ಕೇಳಿದರು. "ಫೋಟೊದಲ್ಲಿ ಹಿಡಿಯಲ್ಲ," ಅಂದೆ. ಹಾಗಾದರೆ ನಾವೆಲ್ಲ ಒಟ್ಟಿಗೆ ಹೋಗೋಣ ಎಂದು ಅನಿಕಾ ಅಂದಳು. "ಬೇಸಿಗೆಯಲ್ಲಿ ಬೇಡ, ಬಿಸಿಲು," ಎಂದು ನಾನು, "ಚಳಿಗಾಲದಲ್ಲೂ ಬೇಡ, ಹಿಮ," ಎಂದು ಅವನು, ಒಟ್ಟಿಗೇ ಹೇಳಿದೆವು.

ಬಸ್ ಸ್ಟಾಪಿನವರೆಗೆ ಅವನ ಜೊತೆ ನಡೆದೆ. ಮೈಮೇಲೆ ಅದೇ ಕೋಟು. ದಾರಿಯಲ್ಲಿ ಅವನು, "ಮೇಕೆ ಇತ್ತಾ?" ಎಂದು ಕೇಳಿದ.

"ಇತ್ತು."

"ಹಾರಿತಾ?"

"ಹಾರಿತು. ವಾಪಸೂ ಬಂತು."

ಅವನು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕ. ಆಮೇಲೆ, "ನಿಮ್ಮ ಜೋಗದಲ್ಲಿ ನೀರಿರಲಿಲ್ಲ," ಅಂದ.

"ಗೊತ್ತು. ರಫೀಕ್ ಅವತ್ತೇ ಹೇಳಿದ್ದ."

"ಗೊತ್ತಿದ್ದೂ ಇಷ್ಟು ದಿನ ನನ್ನ ಮರ್ಯಾದೆ ಉಳಿಸಿ ಸುಮ್ಮನಿದ್ದೆಯಾ? ದೊಡ್ಡ ಮನಸ್ಸು ನಿಂದು." ಅವನು ನನ್ನನ್ನು ಬಿಗಿಯಾಗಿ ಅಪ್ಪಿಕೊಂಡ. ಇಲ್ಲದ ದೊಡ್ಡ ಮನಸ್ಸನ್ನು ಇಲ್ಲ ಎನ್ನುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ. ಬಸ್ಸು ಬಂತು, ಅವನು ಹತ್ತಿದ.

ಮೊನ್ನೆ ಬೆಂಗಳೂರಿನಿಂದ ಬಂದ ಹೊಸ ಹುಡುಗಿಯೊಬ್ಬಳು ಕಪ್ಪು ಹಿಡಿದು ಕಿಟಕಿಯ ಬಳಿ ನಿಂತು, "ಎಷ್ಟು ಚೆನ್ನಾಗಿದೆ ಅಲ್ವಾ ಸರ್," ಅಂದಳು. "ಇದಾ? ಇದಿನ್ನೂ ಮಗು," ಅಂದೆ. "ಇದರಪ್ಪನಂಥದ್ದು ಸ್ಪೇನ್‌ನಲ್ಲಿ ಒಂದು ಬೆಟ್ಟದ ಊರಲ್ಲಿದೆ." ಸೇತುವೆ ಹೇಳಿದೆ, ಬುರುಜು ಹೇಳಿದೆ, ಕಮರಿಯ ಅಗಲಕ್ಕೆ ಕೈ ಚಾಚಿದೆ. ನಮ್ಮ ಜೋಗಕ್ಕಿಂತಲೂ ದೊಡ್ಡದಾ ಎಂದು ಅವಳು ಕೇಳಿದಳು. ನಾನು ಅಭ್ಯಾಸಬಲದಿಂದ ರಾಮಿರೊ ಕೂರುತ್ತಿದ್ದ ಎದುರಿನ ಕುರ್ಚಿಯ ಕಡೆ ನೋಡಿದೆ. ಜೋಗದ ಪರವಾಗಿ ಮಾತಾಡಬೇಕಾದವನು ಅಲ್ಲಿರಲಿಲ್ಲ.