ಏಳೆಲೆಯ ಗುಲಾಬಿ

ಬೀದರಿನ ಹೊರಗೆ, ಕೊಳಾರದ ಕಾರ್ಖಾನೆಗಳ ಕಡೆ ಹೋಗುವ ರಸ್ತೆಯಲ್ಲಿ, ಲಾರಿಗಳ ಹೊಗೆಯ ನಡುವೆ, ಇದ್ದಕ್ಕಿದ್ದಂತೆ ಲವಂಗದ ವಾಸನೆ ಬಂದರೆ ನೀವೇನು ಮಾಡುತ್ತೀರಿ? ನಾನಂತೂ ಸ್ಕೂಟರ್ ನಿಲ್ಲಿಸಿದೆ. ಹೆಂಡತಿ ಕುಕ್ಕರಿನ ಸೀಟಿ ತರಲು ಕಳಿಸಿದ್ದಳು. ಅದನ್ನು ಮರೆತು ರಸ್ತೆ ಬದಿಯ ನರ್ಸರಿಯೊಳಗೆ ಮೂಗು ಕರೆದಲ್ಲಿಗೆ ನಡೆದೆ. ವಾಸನೆ ಒಂದು ಗುಲಾಬಿಯದಾಗಿತ್ತು.

ಕುಂಡಕ್ಕೆ ರಟ್ಟಿನ ಚೀಟಿ ಕಟ್ಟಿದ್ದರು: ‘ದೋರಂಗಿ. ಹೊಸ ತಳಿ. ಮುಳ್ಳು ಕಮ್ಮಿ. ಬ್ಯಾಸಿಗಿ ತಡೀತದ. ಲವಂಗದ ವಾಸನಿ. ಮುಂಜಾನಿ ಹಳದಿ, ಸಂಜಿಕ ಕೆಂಪು.’ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಗೋಡೆಯ ಮೇಲಿನ ಜಾಹೀರಾತನ್ನೂ ಉತ್ತರಪತ್ರಿಕೆಯಂತೆ ಓದುವ ಕೆಟ್ಟ ಚಾಳಿ. ಇದನ್ನೂ ಹಾಗೇ ಓದುತ್ತ ಹೋದೆ. ಕೊನೆಯ ಸಾಲಿಗೆ ಬಂದು ನಿಂತೆ. ಆ ಮಾತನ್ನು ನಾನು ಮೊದಲೇ ಕೇಳಿದ್ದೆ, ಒಬ್ಬಳೇ ಒಬ್ಬಳ ಬಾಯಲ್ಲಿ. ಹೂವು ನೋಡಿದೆ. ಬುಡದಲ್ಲಿ ಹಳದಿ, ಅಂಚಿಗೆ ಆಗಲೇ ಕೆಂಪು ಏರುತ್ತಿತ್ತು, ನಮ್ಮ ಹೊಲದ ಕುಸುಬಿ ಹೂವಿಗೆ ಏರುವ ಹಾಗೆ. ಒಂದು ತೊಟ್ಟು ಹಿಡಿದು ಎಲೆ ಎಣಿಸಿದೆ. ಏಳು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದೆ. ಏಳೇ. ಅಲ್ಲೇ ಗೊಬ್ಬರದ ಚೀಲದ ಮೇಲೆ ಕುಳಿತೆ.

ನಗಬೇಡಿ. ಈ ಏಳರ ಕತೆ ಹೇಳುತ್ತೇನೆ, ಆಮೇಲೆ ಬೇಕಾದರೆ ಬಯ್ಯಿರಿ.

ಮೂವತ್ತು ವರ್ಷಗಳ ಕೆಳಗೆ ನನಗೆ ಮೊದಲ ನೌಕರಿ ಸಿಕ್ಕಿದ್ದು ಭಾಲ್ಕಿಯಲ್ಲಿ. ಇದ್ದದ್ದು ಆತ್ಯಾಳ ಮನೆಯಲ್ಲಿ. ಆತ್ಯಾ ಎಂದರೆ ನಮ್ಮಪ್ಪನ ಅಕ್ಕ, ದವಾಖಾನೆಯಲ್ಲಿ ನರ್ಸ್. ದಿನವಿಡೀ ಗಾಯ ತೊಳೆದು ಬಂದವಳು ಸಂಜೆ ಹಿತ್ತಲಲ್ಲಿ ಗುಲಾಬಿಗಳಿಗೂ ಅದೇ ಆರೈಕೆ ಮಾಡುತ್ತಿದ್ದಳು. ಕೆಂಪು ಗುಲಾಬಿ ಅರಳುವ ಮುಂಚೆ ಅದರ ಎಸಳು ಕಿತ್ತು, ಹಳದಿ ಗುಲಾಬಿಯ ಪರಾಗವನ್ನು ಹತ್ತಿಯಿಂದ ಸವರಿ, ದುಂಬಿ ಬಾಯಿ ಹಾಕದಿರಲೆಂದು ಬ್ಯಾಂಡೇಜು ಬಟ್ಟೆ ಸುತ್ತುವಳು. ಗುಲಾಬಿಗೆ ಏನು ಗಾಯವಾಗಿದೆಯೆಂದು ಓಣಿಯ ಹೆಂಗಸರು ಚೇಷ್ಟೆ ಮಾಡುತ್ತಿದ್ದರು. ಕಾಯಿ ಹಣ್ಣಾದ ಮೇಲೆ ಬೀಜ ತೆಗೆದು, ಒದ್ದೆ ಹತ್ತಿಯಲ್ಲಿಟ್ಟು, ಇಂಜೆಕ್ಷನ್ನಿನ ಖಾಲಿ ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಡುವಳು. ಒಮ್ಮೆ ಕತ್ತಲಲ್ಲಿ ಅದನ್ನು ಓಮಿನಕಾಳೆಂದು ಬಾಯಿಗೆ ಹಾಕಿಕೊಂಡವನು ನಾನೇ.

ಇಷ್ಟೆಲ್ಲ ಯಾಕೆ? ಅವಳ ತಾಯಿ, ಅಂದರೆ ನನ್ನ ಅಜ್ಜಿ ಗುಣಾಬಾಯಿ, ನಮ್ಮೂರು ಮೆಹಕರದಲ್ಲಿ ಒಬ್ಬ ದೊಡ್ಡವರ ತೋಟದ ಗುಲಾಬಿಗಳಿಗೆ ಜೀವಮಾನವಿಡೀ ನೀರು ಹೊತ್ತವಳು. ನೀರು ಹಾಕಬಹುದಿತ್ತು, ಹೂವು ಮುಟ್ಟುವಂತಿರಲಿಲ್ಲ. ನಮ್ಮಂಥವರು ಮುಟ್ಟಿದ ಹೂವು ಅವರ ದೇವರಿಗೆ ನಡೆಯುತ್ತಿರಲಿಲ್ಲ. ಯಾರ ತೋಟದಲ್ಲೂ ಇಲ್ಲದ ಒಂದು ಗುಲಾಬಿ ಹುಟ್ಟಿಸಬೇಕು, ಅದಕ್ಕೆ ಗುಣಾಬಾಯಿ ಎಂದು ಹೆಸರಿಡಬೇಕು, ಹುಣ್ಣಿಮೆಗೆ ಬುದ್ಧನ ಮುಂದೆ ಅದನ್ನೇ ಇಡಬೇಕು: ಆತ್ಯಾಳ ಹಟ ಇಷ್ಟೇ. ಎಂಟು ವರ್ಷ ಬಂದ ಸಸಿಗಳೆಲ್ಲ ನಿಷ್ಪ್ರಯೋಜಕ. ಒಂಬತ್ತನೆಯ ವರ್ಷ, ನಾನು ಬೀದರಿನಲ್ಲಿ ತರಬೇತಿಗೆ ಹೋಗಿದ್ದಾಗ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರದ ಸಸಿ ಮೊದಲ ಸಲ ಹೂಬಿಟ್ಟಿತಂತೆ. ತಿರುಗಿ ಬಂದಾಗ ಹೂವು ಉದುರಿತ್ತು. ‘ಮುಂಜಾನಿ ಹಳದಿ, ಸಂಜಿಕ ಕೆಂಪು,’ ಎಂದು ಆತ್ಯಾ ವಾರಗಟ್ಟಲೆ ಹೇಳಿದ್ದೇ ಹೇಳಿದ್ದು. ನಾನು ಹೂಂಗುಟ್ಟುತ್ತಿದ್ದೆ. ಕೇಳಿಸಿಕೊಳ್ಳುತ್ತಿದ್ದೆನೇ? ಇಲ್ಲ.

ಯಾಕೆಂದರೆ ತರಬೇತಿಯಲ್ಲಿ ನಾನೂ ಒಂದು ಜ್ಞಾನ ಗಳಿಸಿಕೊಂಡು ಬಂದಿದ್ದೆ. ಒಳ್ಳೆಯ ಗುಲಾಬಿಯನ್ನು ಕಾಡು ಗುಲಾಬಿಯ ಬೇರಿಗೆ ಕಸಿ ಮಾಡಿರುತ್ತಾರೆ. ಆ ಬೇರಿನಿಂದ ಕಾಡು ಚಿಗುರು ಎದ್ದರೆ ಒಳ್ಳೆಯ ಗಿಡವನ್ನು ನುಂಗಿಬಿಡುತ್ತದೆ. ಗುರುತು ಏನು? ಒಂದು ತೊಟ್ಟಿನಲ್ಲಿ ಐದು ಎಲೆ ಇದ್ದರೆ ಅಸಲಿ, ಏಳಿದ್ದರೆ ಕಾಡು. ಕೊಯ್ಯುವಾಗ ಓರೆಯಾಗಿ ಕೊಯ್ಯಬೇಕು, ನೀರು ನಿಲ್ಲಬಾರದು. ಹೊಸ ಕತ್ತರಿಯನ್ನೂ ಕೊಂಡು ತಂದು, ಓರೆ ಕೊಯ್ಯುವುದನ್ನು ಆತ್ಯಾಳಿಗೆ ಕಲಿಸಿಯೂ ಕೊಟ್ಟೆ. ಒಂಬತ್ತು ವರ್ಷ ಗುಲಾಬಿ ಬೆಳೆದವಳು ಸುಮ್ಮನೆ ಕಲಿತಳು.

ಬೇಸಿಗೆಯಲ್ಲಿ ಅವಳು ಮೆಹಕರಕ್ಕೆ ಹೋದಳು. ಗಿಡಗಳಿಗೆ ನೀರು ಹಾಕುವ ಕೆಲಸ ನನ್ನದು. ನೀರು ಹಾಕಿ ಸುಮ್ಮನಿರಬೇಕಲ್ಲ? ಎಲೆ ಎಣಿಸುತ್ತ ಹೋದೆ. ಹಳೆಯ ಕೆಂಪು ಗುಲಾಬಿಯ ಪಕ್ಕದಲ್ಲಿ ಒಂದು ಗಿಡ, ಎಲ್ಲ ತೊಟ್ಟಿನಲ್ಲೂ ಏಳು. ಕಾಡು ಚಿಗುರು ಎಂದು ತೀರ್ಮಾನಿಸಿ ಬುಡಕ್ಕೇ ಕೊಯ್ದೆ. ಕಡ್ಡಿ ಎಲೆಯನ್ನೆಲ್ಲ ಹಿತ್ತಲಿನ ಆಡಿಗೆ ಹಾಕಿ, ಕೈ ತೊಳೆಯಲು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಲಿಟ್ಟೆ. ಆಗ ಹೊಳೆಯಿತು: ಕಲ್ಲಿನ ಹತ್ತಿರದ ಸಸಿ ಅದೇ. ಬಕೆಟ್ಟು ಕೈಯಿಂದ ಬಿತ್ತು.

ಆತ್ಯಾ ಬಂದು ಕಲ್ಲಿನ ಹತ್ತಿರ ಬಹಳ ಹೊತ್ತು ಕುಕ್ಕರಗಾಲಲ್ಲಿ ಕುಳಿತಳು. ಆಡು ತಿಂದಿತು, ನಾನು ಪೇಟೆಗೆ ಹೋಗಿದ್ದೆ ಎಂದೆ. ಆಡು ತಿಂದದ್ದಂತೂ ಸುಳ್ಳಲ್ಲ! ನನ್ನ ಸತ್ಯನಿಷ್ಠೆ ಅಷ್ಟರಮಟ್ಟಿಗಿತ್ತು. ಉಳಿದ ಮೋಟು ಆ ಬಿಸಿಲಲ್ಲಿ ಒಣಗಿತು. ಆಮೇಲೆ ನಾನು ಹಿತ್ತಲ ಕಡೆ ಹೋಗುವುದನ್ನೇ ಬಿಟ್ಟೆ. ಊಟ ಸೇರುತ್ತಿರಲಿಲ್ಲ. ಬೇರೆ ಕೋಣೆ ಬಾಡಿಗೆಗೆ ಹುಡುಕತೊಡಗಿದ್ದೆ. ಎರಡು ವಾರಕ್ಕೆ ಆತ್ಯಾ ಆ ಆಡನ್ನು ಮೆಹಕರದ ತಮ್ಮನ ಮನೆಗೆ ಕಳಿಸಿಬಿಟ್ಟಳು. ಹಾಲು ಕೊಡುವ ಆಡು, ಅವಳೇ ಸಾಕಿದ್ದು. ಮತ್ತೆಂದೂ ಅವಳು ಬೀಜ ಹಾಕಲಿಲ್ಲ.

ಈಗ ನರ್ಸರಿಗೆ ಬನ್ನಿ. ಮಾಲೀಕ ರಹೀಮ್ ಭಾಯಿ ನೀರು ತಂದುಕೊಟ್ಟ. ಈ ಗಿಡ ಎಲ್ಲಿಯದೆಂದು ಕೇಳಿದೆ. ಅವನು ನಾಚಿಕೊಂಡ.

“ನಮ್ಮ ಅಮ್ಮಿ ಕದ್ದು ತಂದಿದ್ದರಿ, ಸರ್. ಠಾಣಾ ಕುಶನೂರದಿಂದ ಭಾಲ್ಕಿ ದವಾಖಾನಿಗಿ ಹೋಗಿದ್ಳು. ಅಲ್ಲಿ ಒಬ್ಬ ನರ್ಸಬಾಯಿ ಮನಿ ಹಿತ್ತಲದಾಗ, ಬಟ್ಟಿ ಒಗಿಯೋ ಕಲ್ಲಿನ ಬಾಜೂಕ ಇತ್ತಂತ. ಕೇಳಿದ್ರ ಕೊಡ್ತಿದ್ಳು. ಆದ್ರ ಕೇಳಿ ತಂದ ಕಡ್ಡಿ ಹತ್ತಂಗಿಲ್ಲಲ್ರಿ.”

ಈ ಪದ್ಧತಿ ನಿಮಗೆ ಗೊತ್ತಿರಬಹುದು. ನಮ್ಮ ಕಡೆ ಗುಲಾಬಿಯ ಕಡ್ಡಿಯನ್ನು ಬೇಡಬಾರದು, ಕೊಡಲೂಬಾರದು, ಕದಿಯಬೇಕು; ಇಲ್ಲದಿದ್ದರೆ ಬೇರು ಬಿಡುವುದಿಲ್ಲ. ಹಿತ್ತಲಿಗೆ ಯಾರಾದರೂ ಬಂದು ಗಿಡದ ಹತ್ತಿರ ಸುಳಿದಾಡಿದರೆ ಆತ್ಯಾ ಚಹಾ ಮಾಡುವ ನೆವದಿಂದ ಬೇಕೆಂದೇ ಒಳಗೆ ಹೋಗುತ್ತಿದ್ದಳು. ಮೂಢನಂಬಿಕೆ ಎಂದು ಅವಳಿಗೆ ನಾನು ಪಾಠ ಹೇಳುತ್ತಿದ್ದೆ. ವಿಜ್ಞಾನದ ಮಾಸ್ತರ ಕೊಂದದ್ದನ್ನು ಮೂಢನಂಬಿಕೆ ಉಳಿಸಿತ್ತು. ಅಮ್ಮಿಯ ಅಂಗಳದಲ್ಲಿ ಒಂದೇ ಗಿಡವಾಗಿ ನಿಂತಿದ್ದನ್ನು ರಹೀಮ್ ಭಾಯಿ ಹೋದ ವರ್ಷವಷ್ಟೇ ಕಸಿ ಮಾಡಿ, ತನಗೆ ತೋಚಿದ ಹೆಸರಿಟ್ಟಿದ್ದ.

ಗಿಡ ಕೊಂಡು, ಸ್ಕೂಟರನ್ನು ಅಲ್ಲೇ ಬಿಟ್ಟು, ಮನೆಗೂ ಹೋಗದೆ ಭಾಲ್ಕಿಯ ಬಸ್ಸು ಹತ್ತಿ, ಗಿಡವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಆತ್ಯಾಳಿಗೆ ಈಗ ಎಂಬತ್ತು ದಾಟಿದೆ. ತನ್ನ ಸೊಸೆಯ ಜೊತೆ ಕುಳಿತು ತೊಗರಿ ಹಸನು ಮಾಡುತ್ತಿದ್ದಳು. ಹೂವು ಅಷ್ಟೊತ್ತಿಗೆ ಪೂರ್ತಿ ಕೆಂಪಾಗಿತ್ತು. ಮೊರ ಬದಿಗಿಟ್ಟು, ಮೂಸಿ, ಒಂದೊಂದೇ ಎಲೆ ಮುಟ್ಟಿ ಏಳೂ ಎಣಿಸಿದಳು. ನಾನು ಇನ್ನು ತಡೆಯಲಾರದೆ ಹೇಳಿಬಿಟ್ಟೆ: ಆಡಲ್ಲ, ಆತ್ಯಾ, ನಾನು.

“ಗೊತ್ತದನೋ,” ಎಂದಳು. “ಆಡು ತಿಂದ್ರ ಕಡ್ಡಿ ಸೀಳತದ. ಆ ಮೋಟು ಓರಿ ಕೊಯ್ದಿತ್ತು. ನೀನೇ ಕಲಿಸಿದ್ದಿ.”

ಮೂವತ್ತು ವರ್ಷ! ಹಾಗಾದರೆ ಆ ಆಡನ್ನು ಯಾಕೆ ಕಳಿಸಿದೆ ಎಂದು ಕೇಳಿದೆ.

“ಅದು ಕಣ್ಣ ಮುಂದಿದ್ರ ನೀ ಮನಿ ಬಿಟ್ಟು ಹೋಗ್ತಿದ್ದಿ. ಇಬ್ಬರಾಗ ಒಬ್ಬರು ಹೋಗಬೇಕಿತ್ತು. ಆಡಿಗಿ ಕಳಿಸಿದೆ.”

ಅಷ್ಟು ದೊಡ್ಡವನಾಗಿ ಸೊಸೆಯ ಎದುರಿಗೇ ಅತ್ತುಬಿಟ್ಟೆ. ಆತ್ಯಾಳಿಗೆ ಅದರ ಕಡೆ ಲಕ್ಷ್ಯವಿರಲಿಲ್ಲ. ಕುಂಡದ ಚೀಟಿ ಬಿಚ್ಚಿ ನನ್ನ ಕೈಗಿತ್ತು, ಹಿಂದುಗಡೆ ಖಾಲಿ ಇದೆ, ನಿನ್ನ ಅಜ್ಜಿಯ ಹೆಸರು ದೊಡ್ಡ ಅಕ್ಷರದಲ್ಲಿ ಬರೆ ಎಂದಳು. ಬರೆದೆ. ಕುಂಡವನ್ನು ಎತ್ತಿ ಕೊಡಲು ಹೋದರೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು.

“ಕೊಡಬ್ಯಾಡ, ಹತ್ತಂಗಿಲ್ಲ. ಅಲ್ಲಿ ಇಟ್ಟು ಆ ಕಡಿ ಮಾರಿ ಮಾಡು.”

ಕಟ್ಟೆಯ ಮೇಲಿಟ್ಟು ಗೋಡೆಗೆ ಮುಖ ಮಾಡಿ ನಿಂತೆ. ಬೆನ್ನ ಹಿಂದೆ ಅವಳ ಚಪ್ಪಲಿ ಸರಿದಾಡಿತು. ಕುಂಡ ಕಲ್ಲಿಗೆ ಉಜ್ಜಿತು. ಉಸಿರು ಬಿಗಿಹಿಡಿದು, ಸದ್ದು ಮಾಡದಂತೆ ಹೆಜ್ಜೆಯಿಡುತ್ತ, ನಮ್ಮ ಆತ್ಯಾ ತನ್ನ ಗುಲಾಬಿಯನ್ನು ತಾನೇ ಕದ್ದುಕೊಂಡು ಹೋದಳು. ನಾನು ತಿರುಗಿ ನೋಡಲಿಲ್ಲ.