ಬೆರಳಿಗೆ ಉತ್ತರಿಸದ ಪಾಠ

ಆ ದಿನ ಬೆಳಿಗ್ಗೆ ಜೋಳದ ರೊಟ್ಟಿ ಬಡಿದೆ, ಅತ್ತೆಗೆ ಬಿಸಿನೀರು ಕಾಯಿಸಿದೆ, ಯಜಮಾನರ ಅಂಗಿಗೆ ಗುಂಡಿ ಹಚ್ಚಿದೆ, ಹೆಸರುಕಾಳು ನೆನೆಹಾಕಿ ಗೋಕಾಕದಿಂದ ಮೂಡಲಗಿ ಬಸ್ ಹತ್ತಿದೆ. 2013ರ ದೀಪಾವಳಿ ಆಗಷ್ಟೇ ಮುಗಿದಿತ್ತು. ನಾನಾಗ ಆ ಭಾಗದಲ್ಲಿ ಕಿವಿ ಕೇಳದ ಮಕ್ಕಳ ವಿಶೇಷ ಶಿಕ್ಷಕಿ.

ಮೂಡಲಗಿಯ ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಒಂದು ಪಾಠವಿತ್ತು. ಗಡಿಗೆಯ ಚಿತ್ರ, ಕೆಳಗೆ ಮೂರು ಪದ. ಸರಿಯಾದ ಪದ ಒತ್ತಿದರೆ ತೆರೆಯ ಮೇಲೆ ಒಂದು ಕೈ ಅದರ ಸನ್ನೆ ಮಾಡುತ್ತಿತ್ತು. ತಪ್ಪಿದರೆ ಸುಮ್ಮನೆ ಕಾಯುತ್ತಿತ್ತು. ತುಕ್ಕಾನಟ್ಟಿಯ ಕುರಿಗಾರರ ಮಗಳು ಸತ್ಯವ್ವ ಅದರಿಂದಲೇ ಪದ ಕಲಿತಿದ್ದಳು. ಇನ್ನು ಹಿಂಡಿನೊಂದಿಗೆ ಊರು ಬಿಡಬೇಕು. ಬರುವುದು ಮುಂದಿನ ಮಳೆಗಾಲಕ್ಕೆ. ಕಲಿತದ್ದು ಮರೆಯಬಾರದೆಂದು ತಾಯಿ ಮಾಳವ್ವ ಸಂಕೇಶ್ವರದಲ್ಲಿ ಹೊಸ ಫೋನ್ ಕೊಂಡಿದ್ದಳು.

ಆ ಫೋನಿನಲ್ಲಿ ಪಾಠ ತೆರೆಯಲಿಲ್ಲ. ಅದಕ್ಕೆ ಪ್ಲಗಿನ್ ಬೇಕು, ಅಂದರೆ ಚಿತ್ರ, ಚಲನೆ ಎಲ್ಲವನ್ನೂ ನಡೆಸುವ, ಬ್ರೌಸರಿಗೆ ಜೋಡಿಸುವ ಪುಟ್ಟ ತಂತ್ರಾಂಶ. ಹೊಸ ಫೋನುಗಳು ಅದನ್ನು ಕೈಬಿಟ್ಟಿದ್ದವು.

“ನಮ್ಮ ಟಗರಿಗಿಂತ ಹಟಮಾರಿ ಐತ್ರಿ ಅಕ್ಕಾರ ಇದು,” ಎಂದಳು ಮಾಳವ್ವ.

ಹುಕ್ಕೇರಿಯ ಕಂಪ್ಯೂಟರ್ ಶಿಕ್ಷಕ ಬಸವರಾಜ ಸರ್ ಅವರನ್ನು ಮೊದಲೇ ಕರೆಸಿದ್ದೆ. ನಮ್ಮಿಬ್ಬರದೂ ಹಳೆಯ ವಾದ.

“ಆ ಪ್ಲಗಿನ್ ಬ್ಯಾಟರಿ ನುಂಗತೈತ್ರಿ ಮೇಡಂ. ಫೋನ್ ಕೈಯಾಗ ಕೆಂಡ ಆಕ್ಕೈತಿ. ಬಿಟ್ಟಿದ್ದ ಛಲೋ ಆತು.”

“ಛಲೋ ಆತು ಅಂತೀರಿ, ಇದ್ದ ಪಾಠ ಎಲ್ಲಿ ಒಗೀಲ್ರಿ?”

“ವಿಡಿಯೋ ಮಾಡಿ ಕೊಡತೇನಿ. ಅದು ಎಲ್ಲಾ ಫೋನಿನ್ಯಾಗೂ ಓಡತೈತಿ.”

ಪಾಪ, ಊಟವನ್ನೂ ಬಿಟ್ಟು ಕುಳಿತು ಇಡೀ ಪಾಠವನ್ನು ವಿಡಿಯೋ ಮಾಡಿದರು. ಅದು ಓಡಿತು. ಗಡಿಗೆ ಬಂತು, ಸತ್ಯವ್ವ ನಕ್ಕಳು, ಪದದ ಮೇಲೆ ಬೆರಳಿಟ್ಟಳು. ಗಡಿಗೆ ಹೋಗಿ ಕೊಡಲಿ ಬಂತು. ಗಟ್ಟಿಯಾಗಿ ಒತ್ತಿದಳು. ಕೊಡಲಿಯೂ ಹೋಯಿತು. ಅವಳು ಒತ್ತಿದ್ದು ಸರಿಯೋ ತಪ್ಪೋ ಚಿತ್ರಕ್ಕೆ ಬೇಕಿರಲಿಲ್ಲ. ಫೋನನ್ನು ತಾಯಿಯ ಮಡಿಲಲ್ಲಿಟ್ಟು, ಅಂಗೈ ಮಗುಚಿ ನೆಲಕ್ಕೆ ಹಚ್ಚಿದಳು.

“ಮರಿ ಏಳದಿದ್ರ ಹಿಂಗ ಮಾಡತಾಳ್ರಿ,” ಎಂದಳು ಮಾಳವ್ವ. “ಸತ್ತೈತಿ ಅಂತಾಳ.”

ಬಸವರಾಜ ಸರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. “ಇದಕ್ಕ ನನ್ನ ಹತ್ರ ದಾರಿ ಇಲ್ರಿ,” ಎಂದರು.

ಅಂದೇ ಹಿಂಡು ಹೊರಟಿತು. ಮಳೆಗಾಲಕ್ಕೆ ತಿರುಗಿ ಬಂದ ಸತ್ಯವ್ವ ಗಡಿಗೆಯ ಚಿತ್ರ ಗುರುತಿಸಿದಳು, ಪದ ಗುರುತಿಸಲಿಲ್ಲ. ಅಷ್ಟರಲ್ಲಿ ನಮ್ಮ ಕಂಪ್ಯೂಟರೂ ಕೆಟ್ಟಿತ್ತು. ಮಗುವಿಗೆ ತೋರಿಸುವುದು ಸುಲಭ, ಅದರ ಉತ್ತರಕ್ಕಾಗಿ ಕಾಯುವುದೇ ಕಲಿಸುವುದು ಎಂದು ನನಗೆ ವೃತ್ತಿ ಹೇಳಿಕೊಟ್ಟಿದೆ. ಆದರೆ ಬಯಲಿನಲ್ಲಿ ಅವಳ ಉತ್ತರಕ್ಕಾಗಿ ಕಾಯುವವರು ಯಾರೂ ಇರಲಿಲ್ಲ.

ಹಿಂಡು ಹೊರಟ ಆ ಸಂಜೆ ಮನೆಗೆ ಬಂದಾಗ ಯಜಮಾನರು, “ಕೂಸಿಗೆ ಫೋನ್ ಸೇರ್ತೇನು?” ಎಂದರು.

“ಇಲ್ರಿ.”

ಹೆಸರುಕಾಳಿನ ಪಲ್ಯ, ಬೆಳಗಿನ ರೊಟ್ಟಿ, ಮೊಸರು ಉಂಡೆವು. ಮೊದಲು ಅತ್ತೆ ಮಲಗಿದರು, ಆಮೇಲೆ ಯಜಮಾನರು.